ಬುಡ ನೋಡುವ ಭೂತಗನ್ನಡಿ ಅಮ್ಮ

ಮದ್ದುಗುಂಡಿನ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಾಡತೂಸುಗಳನ್ನು ಪರೀಕ್ಷಿಸಿ ನಿವೃತ್ತಳಾದ ಹೆಂಗಸು ಆಕೆ. ಸುಮ್ಮನೆ ಕೂರುವ ಜಾಯಮಾನದವಳಲ್ಲ. ಸೊಸೆ ಗುರಿ ಹೊಡೆಯಲು ಹೋಗುತ್ತಿದ್ದ ರೈಫಲ್ ಕ್ಲಬ್ಬಿನಲ್ಲೇ ಉಗ್ರಾಣದ ಕೆಲಸ ಹಿಡಿದಳು. ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡೇ ಓಡಾಡುತ್ತಿದ್ದಳು. ಸಂತೆಯಲ್ಲಿ ಬದನೆಕಾಯಿಗೂ ಅದನ್ನೇ ಹಿಡಿಯುವವಳು! ಹೀಗಾಗಿ ಎಲ್ಲರ ಬಾಯಲ್ಲೂ ‘ಭೂತಗನ್ನಡಿ ಅಮ್ಮ’ ಆದಳು.

ವಾರ್ಷಿಕ ಸ್ಪರ್ಧೆಯ ಬೆಳಿಗ್ಗೆ ಕಾಡತೂಸು ಕಡಿಮೆ ಬಿತ್ತು. ಕಾರ್ಯದರ್ಶಿ ಪಕ್ಕದ ಕ್ಲಬ್ಬಿನಿಂದ ಎರಡು ಪೆಟ್ಟಿಗೆ ತರಿಸಿದ. ಅಮ್ಮ ಒಂದು ಕಾಡತೂಸು ತೆಗೆದು ಬುಡ ನೋಡಿದಳು, ಇನ್ನೊಂದನ್ನೂ ನೋಡಿದಳು. ಪೆಟ್ಟಿಗೆಗಳ ಮುಚ್ಚಳ ಮುಚ್ಚಿ ಅವುಗಳ ಮೇಲೆ ಎರಡೂ ಕೈಯಿಟ್ಟು ಕೂತುಬಿಟ್ಟಳು.

“ಇದನ್ನ ಕೊಡಲ್ಲ.”

“ಅಳತೆ ಒಂದೇ ಅಲ್ವೇನಮ್ಮಾ? ಸಲೀಸಾಗಿ ಕೂರುತ್ತೆ,” ಎಂದ ಕಾರ್ಯದರ್ಶಿ. ಹೊರಗೆ ಸ್ಪರ್ಧಿಗಳು ಗಡಿಯಾರ ನೋಡುತ್ತಿದ್ದರು.

“ಬೆಳ್ಳಗಿರೋದೆಲ್ಲ ಹಾಲಲ್ಲ ಸಾಹೇಬ್ರೆ. ಬನ್ನಿ ಇಲ್ಲಿ.” ಎರಡು ಕಾಡತೂಸುಗಳನ್ನು ಪಕ್ಕಪಕ್ಕದಲ್ಲಿಟ್ಟು ಗಾಜು ಹಿಡಿದಳು. “ಇದು ಅಂಗಡೀದು. ಬುಡದಲ್ಲಿ ಕಂಪನಿ ಹೆಸರು, ಅಳತೆ. ಇದು ಸೈನ್ಯದ್ದು. ತಯಾರಾದ ವರ್ಷ, ವೃತ್ತದೊಳಗೆ ಪ್ಲಸ್ ಗುರುತು. ಕಿಡಿ ಹೊತ್ತಿಸೋ ಈ ಕ್ಯಾಪಿನ ಸುತ್ತ ಅದುಮಿದ್ದಾರೆ ನೋಡಿ, ಎಷ್ಟು ಕುಲುಕಿದ್ರೂ ಹೊರಗೆ ಬರಬಾರದು ಅಂತ. ಆ ಬಣ್ಣ ಬಳಿದಿರೋದು ನೀರು ಇಳಿಯದ ಹಾಗೆ.”

“ಆದ್ರೆ ಏನೀಗ?”

“ಸೈನ್ಯದ ರೈಫಲಲ್ಲಿ ನಳಿಗೆ ಶುರುವಾಗೋ ಕಡೆ ಗುಂಡಿಗೆ ಚೂರು ಹೆಚ್ಚು ಜಾಗ ಬಿಟ್ಟಿರ್ತಾರೆ. ನನ್ನ ಸೊಸೇದು ಅಂಗಡಿ ರೈಫಲು, ಅಲ್ಲಿ ಬಿಗಿ. ಇದನ್ನ ಹಾಕಿದ್ರೆ ಒಳಗೆ ಒತ್ತಡ ಜಾಸ್ತಿ ಆಗಿ ಸಿಡಿಯಬಹುದು. ಅವಳ ಕೆನ್ನೆ ಇರೋದು ಅಲ್ಲೇ ಪಕ್ಕದಲ್ಲಿ.”

ಕಾರ್ಯದರ್ಶಿ ಫೋನು ಎತ್ತಿಕೊಂಡ. ಆ ಕ್ಲಬ್ಬಿನವರು, “ಅಯ್ಯೋ, ಅದು ನಮ್ಮ ಹಳೇ ಸೈನ್ಯದ ರೈಫಲಿಗೆ ಇಟ್ಟಿದ್ದು, ಕೈತಪ್ಪಿ ಬಂದಿದೆ!” ಎಂದು ನಾಲಿಗೆ ಕಚ್ಚಿಕೊಂಡರು. ಸರಿಯಾದ ಪೆಟ್ಟಿಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಸೊಸೆ ಮರದ ಕೆಳಗೆ ಒಂದು ನಿದ್ದೆ ತೆಗೆದಳು. ಆ ನಿದ್ದೆಯ ಪುಣ್ಯವೋ ಏನೋ, ಎಂದೂ ಹತ್ತರೊಳಗೆ ಬಾರದವಳು ಮೂರನೆಯವಳಾಗಿ ಬಂದಳು. ಅತ್ತೆ ಎಲ್ಲರೆದುರೇ ಅವಳ ಕೆನ್ನೆ ಹಿಂಡಿದಳು.

ಸಂಜೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಕಾರ್ಯದರ್ಶಿ ಕೇಳಿದ: “ಅಮ್ಮಾ, ನೀವು ಇದುವರೆಗೆ ಎಷ್ಟು ಗುಂಡು ಹಾರಿಸಿದ್ದೀರಿ?”

“ನೋಡಿದ್ದು ಲಕ್ಷಗಟ್ಟಲೆ. ಹಾರಿಸಿದ್ದು ಒಂದೂ ಇಲ್ಲಪ್ಪ.”

ಲೋಟಗಳು ಬಾಯಿಯ ಹತ್ತಿರವೇ ನಿಂತವು. ಸೊಸೆ ಎದ್ದವಳೇ ಅತ್ತೆಯ ಕೈ ಹಿಡಿದು ಎಳೆದಳು. “ಏಳಿ ಅತ್ತೆ, ಇವತ್ತೇ ಆಗಲಿ.”

“ಈ ವಯಸ್ಸಲ್ಲಿ ಬೇಡ ಕಣೇ, ನಗ್ತಾರೆ!” ಎನ್ನುತ್ತಲೇ ಅವಳು ಸೆರಗು ಬಿಗಿಯುತ್ತಿದ್ದಳು.

ಸೊಸೆ ಅತ್ತೆಯ ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿ, ಭುಜಕ್ಕೆ ರೈಫಲ್ ಆನಿಸಿ, ಉಸಿರು ಹಿಡಿಯುವುದನ್ನು ಹೇಳಿಕೊಟ್ಟಳು. ಢಂ! ಗುಂಡು ಪಕ್ಕದವರ ಗುರಿಹಲಗೆಗೆ ಬಡಿಯಿತು. ಕ್ಲಬ್ಬಿಗೆ ಕ್ಲಬ್ಬೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಮ್ಮನೇ.

“ಇನ್ನೊಂದು ಕೊಡೇ!”

ಹಾಗೆ ಹತ್ತು ಹಾರಿಸಿದಳು. ಎಂಟನೆಯದು ಅವಳದೇ ಹಲಗೆಗೆ ಅಂಟಿಸಿದ್ದ ಗುರಿಕಾಗದದ ಅಂಚಿಗೆ ತಾಗಿತು. ಆ ತೂತಾದ ಕಾಗದ ಈಗ ಅವಳ ಅಡುಗೆಮನೆಯ ಗೋಡೆಯಲ್ಲಿದೆ. ಮನೆಗೆ ಬಂದವರು ಅದನ್ನು ನೋಡದೆ ಹೋಗುವಂತಿಲ್ಲ.