ತಪ್ಪು ಸಮುದ್ರಕ್ಕೆ ಹಾಕಿದ ಹೂ

ಮೊನ್ನೆ ಫೆರಿ ಹಡಗಿನ ಕೆಳಗಿನ ಡೆಕ್‌ನಲ್ಲಿ ಕಾರು ನಿಲ್ಲಿಸಿ ಇಳಿದಾಗ ಡೀಸೆಲ್ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನಾವಿರುವ ವುಡಿನ್‌ವಿಲ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಜರ್ಮನ್ ಅಜ್ಜಿ ನೆನಪಾದರು. ಈ ವಾಸನೆ ಬಂದರೆ ಸಾಕು, ಅಪ್ಪ ಇಲ್ಲೇ ಎಲ್ಲೋ ಇದ್ದಾನೆ ಅನ್ನಿಸುತ್ತದೆ ಎನ್ನುತ್ತಿದ್ದರು. ಅಪ್ಪನ ಮುಖವನ್ನೇ ಕಾಣದವರು ಅವರು...

ಅವರ ಅಪ್ಪ ಯುದ್ಧಕಾಲದ ಸಬ್‌ಮರೀನ್ ಒಂದರಲ್ಲಿ ಡೀಸೆಲ್ ಎಂಜಿನ್ ನೋಡಿಕೊಳ್ಳುತ್ತಿದ್ದವರು. ಆ ಸಬ್‌ಮರೀನ್‌ನ ಜಾತಕವೇ ಅಜ್ಜಿಗೆ ಬಾಯಿಪಾಠ. ಅದನ್ನು ಎಲ್ಲಿ ಕಟ್ಟಿದರು, ಎಲ್ಲೆಲ್ಲಿ ತಿರುಗಿತು, ಯಾವ ಎರಡು ಸರಕು ಹಡಗುಗಳನ್ನು ಮುಳುಗಿಸಿತು, ಕೊನೆಗೆ ಯಾವ ಬಂದರಿನಿಂದ ಹೊರಟು ತಿರುಗಿ ಬಾರದೇ ಹೋಯಿತು, ಎಲ್ಲವನ್ನೂ ಹೇಳುತ್ತಿದ್ದರು. ನಾನು ತರಕಾರಿ ಹೆಚ್ಚುತ್ತಾ ಹೂಂಗುಟ್ಟುತ್ತಿದ್ದೆ. ನಮ್ಮ ಮನೆಯಲ್ಲಿ ಗೋತ್ರ ಕೂಡ ಇಷ್ಟು ಸಲೀಸಾಗಿ ಯಾರಿಗೂ ಬರುವುದಿಲ್ಲ.

ಅದು ಅಟ್ಲಾಂಟಿಕ್‌ನ ಇಂಥ ಕಡೆ ಮುಳುಗಿತೆಂದು ಮೊದಲು ತಿಳಿಸಿದ್ದರಂತೆ. ಅಜ್ಜಿ ಹಡಗು ಹತ್ತಿ ಅಲ್ಲಿಗೇ ಹೋಗಿ, ಹೂ ಹಾಕಿ, ಅತ್ತು ಬಂದಿದ್ದರು. ವರ್ಷಗಳಾದ ಮೇಲೆ ಸಂಶೋಧಕರು ಚರಿತ್ರೆ ತಿದ್ದಿದರು. ಅಲ್ಲಿ ಮುಳುಗಿದ್ದು ಬೇರೆ ಸಬ್‌ಮರೀನ್; ಇದು ಎಲ್ಲಿ, ಯಾವಾಗ ಮುಳುಗಿತೋ ಯಾರಿಗೂ ಗೊತ್ತಿಲ್ಲ. “ಇನ್ಯಾರದೋ ಅಪ್ಪನಿಗೆ ಹೂ ಹಾಕಿ ಬಂದೆ,” ಎಂದು ನಗಲು ನೋಡಿದರು, ಆಗಲಿಲ್ಲ. ದಿನ ಮತ್ತು ಜಾಗ, ಎರಡೂ ತಿಳಿದರೆ ಈ ದುಃಖ ಇಳಿಯುತ್ತದೆ ಎಂದು ಅವರು ನಂಬಿದ್ದರು.

ಒಂದು ವರ್ಷ ವಿಜಯಪುರದಿಂದ ಬಂದಿದ್ದ ನಮ್ಮ ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಇದೊಂದು ಸಮಸ್ಯೆಯೇ ಅಲ್ಲ.

“ತಿಥಿ ಗೊತ್ತಿಲ್ಲಂದ್ರ ಏನಾತು? ಅಂಥವರ ಸಲುವಾಗೇ ಮಹಾಲಯ ಅಮಾಸಿ ಇರೋದು. ಕರಕೊಂಡ್ ಬಾ.”

ಹೆಂಗಸರು ತರ್ಪಣ ಬಿಡಬಹುದೇ ಎಂದು ನನ್ನ ಗಂಡ ಗೊಣಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಮಾವಾಸ್ಯೆಯ ದಿನ ಸಮುದ್ರದಂಡೆಯಲ್ಲಿ ಅಜ್ಜಿ ಬೊಗಸೆಯಲ್ಲಿ ಎಳ್ಳುನೀರು ಹಿಡಿದು ಅಪ್ಪನಿಗೆ ಬಿಟ್ಟರು. ಆಮೇಲೆ, ಅಪ್ಪ ಮುಳುಗಿಸಿದ ಹಡಗುಗಳಲ್ಲಿ ಸತ್ತವರಿಗೂ ಬಿಡಬಹುದೇ ಎಂದು ನನ್ನ ಮೂಲಕ ಕೇಳಿಸಿದರು. ಅತ್ತೆ ಎಳ್ಳಿನ ಬಟ್ಟಲನ್ನು ಅಜ್ಜಿಯ ಮುಂದೆ ಹಿಡಿದರು.

“ಅವರಿಗೇ ಮೊದಲ ಬಿಡಬೇಕಿತ್ತು. ಈಗರೇ ಬಿಡ್ಲಿ.”

ಅಜ್ಜಿ ಎಳ್ಳು ಮುಗಿಯುವವರೆಗೂ ಬಿಡುತ್ತಲೇ ಇದ್ದರು... ನನಗೆ ನೋಡಲಾಗಲಿಲ್ಲ.

ಹೋದ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಆಗ ನಾನು ಅವರ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಮಣ್ಣು ಮಾಡಿದ ಜಾಗವೂ ಮನೆಗೆ ಹತ್ತಿರವೇ ಇದೆ, ಆಗಾಗ ಡ್ರೈವ್ ಮಾಡಿಕೊಂಡು ಹೋಗಿ ಬರುತ್ತೇನೆ. ಮೊನ್ನೆ ಫೆರಿ ಹೊರಟ ಮೇಲೂ ನಾನು ಮೇಲಕ್ಕೆ ಹೋಗದೆ ಆ ವಾಸನೆಯಲ್ಲಿ ಕಾರಿನ ಪಕ್ಕದಲ್ಲೇ ನಿಂತಿದ್ದೆ. ನನಗೆ ದಿನ ಗೊತ್ತು, ಜಾಗವೂ ಗೊತ್ತು. ದುಃಖವೇನೂ ಇಳಿದಿಲ್ಲ, ಅಜ್ಜಿ.