ಎರಡನೆಯ ಮೂಗು

ಬೀದರಿನ ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಗೌಸೋದ್ದೀನನ ಪತ್ರಾದ ದುಕಾನು. ಬಕೆಟ್ಟು, ಜರಡಿ, ಡಬ್ಬಿ, ಏನು ಬೇಕಾದರೂ ತಗಡಿನಲ್ಲಿ ಮಾಡಿಕೊಡುವ ಮನುಷ್ಯ. ಹೈದರಾಬಾದ್ ಸಂಸ್ಥಾನಕ್ಕೆ ಮಿಲಿಟರಿ ನುಗ್ಗಿ, ಊರೂರಲ್ಲಿ ಗಲಾಟೆಯಾಗಿ, ಪೊಲೀಸ್ ಆಕ್ಷನ್ ಆದಮೇಲೆ ಗಿರಾಕಿಗಳೂ ಇಲ್ಲ, ಮಾತಾಡಿಸುವವರೂ ಇಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ತಮ್ಮ ಕುತುಬೋದ್ದೀನ ಆ ಗಲಾಟೆಯಲ್ಲಿ ಭಾಲ್ಕಿ ಸಂತೆಗೆ ಬಕೆಟ್ಟು ಮಾರಲು ಹೋದವನು ತಿರುಗಿ ಬರಲೇ ಇಲ್ಲ. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಒಬ್ಬಳೇ ಮಗಳು ಆಬೇದಾ ಹೈದರಾಬಾದಿನಲ್ಲಿ, ಗಂಡನ ಮನೆಯಲ್ಲಿ. ತಾನೇ ರೊಟ್ಟಿ ಸುಟ್ಟುಕೊಳ್ಳುವುದು, ತಾನೇ ತಿನ್ನುವುದು. ಮನೆ ಬಿಕೋ ಎನ್ನುತ್ತಿತ್ತು.

ಕಡೆಗೆ ಬೇಸತ್ತು, ಮಗಳ ಊರಿಗೆ ಹೋಗಿಬಿಡುವುದೆಂದು ಗಟ್ಟಿ ಮಾಡಿದ. ಸಾಮಾನು ತುಂಬಲು ಟ್ರಂಕು ಬೇಕಲ್ಲ? ಟ್ರಂಕಿಗೆ ಇಪ್ಪತ್ನಾಲ್ಕು ನಂಬರಿನ ಪತ್ರಾ ಸರಿ, ಹಗುರ. ಈ ಕಸುಬಿನ ಲೆಕ್ಕವೇ ಸೊಟ್ಟ ನೋಡಿ, ನಂಬರು ಏರಿದಷ್ಟೂ ತಗಡು ತೆಳ್ಳಗೆ. ಆದರೆ ತೆಳು ಪತ್ರಾ ಪೇಟೆಗೆ ಬರುವುದೇ ನಿಂತಿತ್ತು. ಸಿಕ್ಕಿದ್ದು ಮಿಲಿಟರಿಯವರು ಬಿಟ್ಟುಹೋದ ಪೆಟ್ರೋಲ್ ಡ್ರಮ್ಮು, ಹದಿನೆಂಟು ನಂಬರಿನ ದಪ್ಪ ತಗಡು. ಇರಲಿ ಎಂದುಕೊಂಡ.

ಡ್ರಮ್ಮು ಕೊಯ್ಯುವುದು ಹುಡುಗಾಟವಲ್ಲ. ತುಂಬಿದ್ದಕ್ಕಿಂತ ಖಾಲಿಯದೇ ಘಾತುಕ. ಒಳಗೆ ಪೆಟ್ರೋಲಿನ ಆವಿ ಕೂತಿರುತ್ತದೆ. ತಗಡು ಕೊಯ್ಯುವ ಉಳಿ, ಆ ಚಾಣ, ಬಡಿದಾಗ ಒಂದು ಕಿಡಿ ಹಾರಿದರೆ ಮುಗಿಯಿತು, ಡ್ರಮ್ಮೂ ಇಲ್ಲ, ಕೊಯ್ಯುವವನೂ ಇಲ್ಲ. ಅದಕ್ಕೇ ಬೂಚು ತೆಗೆದು, ಸೋಡಾ ಹಾಕಿದ ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಕಂಠಮಟ ನೀರು ತುಂಬಿಸಿಯೇ ಚಾಣ ಇಡಬೇಕು. ಅಷ್ಟೂ ಮಾಡಿದ ಮೇಲೆ ಗೌಸೋದ್ದೀನನ ಅಪ್ಪ ಹಾಕಿಕೊಟ್ಟ ಕಟ್ಟಳೆ ಇನ್ನೊಂದು: ಹೊರಗಿನವನೊಬ್ಬ ಬಂದು ಮೂಸಿ, ವಾಸನೆ ಇಲ್ಲ ಎನ್ನಬೇಕು. ದಿನಾ ಅದರಲ್ಲೇ ಇರುವವನ ಮೂಗು ಸತ್ತಿರುತ್ತದೆ, ಅದನ್ನು ನಂಬಬಾರದು.

ಆ ಎರಡನೆಯ ಮೂಗು ಎದುರಿನ ಕಿರಾಣಿ ಅಂಗಡಿಯ ಹಾವಗೆಪ್ಪನದು. ಇಬ್ಬರೂ ಚಿಕ್ಕಂದಿನಿಂದ ಜೊತೆಗೆ ಬೆಳೆದವರು. ಗಲಾಟೆಯ ದಿನ ತಮ್ಮನನ್ನು ಹುಡುಕಲು ಭಾಲ್ಕಿ ತನಕ ಜೊತೆಗೆ ಬಾ ಎಂದು ಕೇಳಲು ಗೌಸೋದ್ದೀನ ಅವನ ಬಾಗಿಲು ಬಡಿದಿದ್ದ. ಒಳಗೆ ಹಾವಗೆಪ್ಪ ಕೆಮ್ಮಿದ್ದು ಕೇಳಿಸಿತು, ಬಾಗಿಲು ಮಾತ್ರ ತೆಗೆಯಲಿಲ್ಲ. ಅಂದಿನಿಂದ ಇಬ್ಬರೂ ಎದುರುಬದುರು ಕೂತು ಬೇರೆ ಬೇರೆ ಕಡೆ ನೋಡುವುದೇ ಆಯಿತು. ಆ ಸಂಕಟ ಹಗೆಯವನಿಗೂ ಬೇಡ.

ಕಟ್ಟಳೆ ಮುರಿಯುವ ಧೈರ್ಯ ಗೌಸೋದ್ದೀನನಿಗೆ ಇರಲಿಲ್ಲ. ಒಂದು ಬೆಳಿಗ್ಗೆ ಬೀದಿಯಲ್ಲಿ ನಿಂತು ಕರೆದ.

"ಹಾವಗೆಪ್ಪಾ, ಡ್ರಮ್ಮು ಕೊಯ್ಯೋದದ. ಮೂಸಿ ಹೋಗು."

ಹಾವಗೆಪ್ಪ ಬಂದ. ಹೊಸ್ತಿಲು ದಾಟಲಿಲ್ಲ.

"ಏನ್ ಮಾಡ್ತಿ ಇದರಿಂದ?"

"ಟ್ರಂಕು. ಆಬೇದಾನ ಮನಿಗಿ ಹೋಗ್ತೇನಿ. ಇಲ್ಲಿ ನನ್ನೋರಂತ ಯಾರದಾರ?"

ಹಾವಗೆಪ್ಪ ಹೊರಗಿನಿಂದಲೇ ಮೂಗೆಳೆದ. "ವಾಸನಿ ಅದ. ಇವತ್ತು ಬ್ಯಾಡ."

ಮರುದಿನ ಗೌಸೋದ್ದೀನ ಮತ್ತೆ ತೊಳೆದ. "ಇನ್ನಾ ಅದ," ಎಂದ ಹಾವಗೆಪ್ಪ. ಅದರ ಮರುದಿನವೂ ಅದೇ ರಾಗ. ಗೌಸೋದ್ದೀನನಿಗೆ ರೇಗಿಹೋಯಿತು.

"ಅಲ್ಲಿ ನಿಂತು ಏನ್ ತಿಳೀತದ ನಿನಗ? ಅದರಾಗ ನೀರು ಕುಡೀಬೇಕು, ಹಂಗ ತೊಳದೀನಿ. ಸುಳ್ಳ್ಯಾಕ ಹೇಳ್ತಿ?"

ಹಾವಗೆಪ್ಪ ಧೋತರದ ಚುಂಗು ಹಿಂಡುತ್ತ ನಿಂತ. "ಇಲ್ಲ ಅಂದ್ರ ನೀ ಕೊಯ್ತಿ. ಕೊಯ್ದ್ರ ಹೋಗ್ತಿ."

"ಹೋದ್ರ ನಿಂದೇನ್ ಹೋಗ್ತದ? ಅವತ್ತು ಬಾಗಿಲಾ ತೆಗೀಲಿಲ್ಲ."

"ಅಂಜಿದೆ, ಗೌಸ್‌ಭಾಯಿ. ಚಿಲಕದ ಮ್ಯಾಲ ಕೈ ಇಟ್ಟಿದ್ದೆ. ತೆಗೀಲಿಕ್ಕ ಆಗ್ಲಿಲ್ಲ."

ಗೌಸೋದ್ದೀನನಿಗೆ ಸಿಟ್ಟೂ ಬಂತು, ಅಳುವೂ ಬಂತು. ಹೋಗಲಿ ಬಿಡು ಎನ್ನಲು ಬಾಯಿ ಬರಲಿಲ್ಲ. ತಮ್ಮ ಬಂದಿಲ್ಲವಲ್ಲ, ಹೇಗೆ ಅಂದಾನು? ಆದರೆ ಇಷ್ಟು ತಿಂಗಳಲ್ಲಿ, ತಾನು ಹೋದರೆ ಬೇಸರಪಡುವವರು ಈ ಊರಲ್ಲಿ ಇದ್ದಾರೆಂದು ಅವನಿಗೆ ಅನಿಸಿರಲಿಲ್ಲ.

"ಒಳಗ ಬಂದು ಮೂಸು," ಎಂದ.

ಹಾವಗೆಪ್ಪ ಒಳಗೆ ಬಂದ. ಡ್ರಮ್ಮಿನ ಮೇಲೆ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

"ಅದ," ಎಂದ ಕಡೆಗೆ.

ಗೌಸೋದ್ದೀನ ಚಾಣವನ್ನು ಗೂಡಿನಲ್ಲಿಟ್ಟ. ಡ್ರಮ್ಮು ಉರುಳಿಸಿ, ತುಂಬಿದ್ದ ನೀರನ್ನೆಲ್ಲ ಮೋರಿಗೆ ಚೆಲ್ಲಿದ.

"ಹಂಗಾರ ಮತ್ತೊಮ್ಮಿ ತೊಳೀಬೇಕು. ಬಾವಿಗಿ ನಡಿ. ನೀನೂ ಒಂದು ಬಕೆಟ್ಟು ಹಿಡಿ."