ಟಿ.ವಿ.ಯೊಳಗಿನ ಗಲಗಲಿ ಹೊಳೆ

ಜಮಖಂಡಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯೊಂದರ ಡಯಾಲಿಸಿಸ್ ಕೋಣೆಯಲ್ಲಿ ತಂತ್ರಜ್ಞೆ ರಾಜಮತಿ ಯಂತ್ರಗಳನ್ನು ಸಜ್ಜುಗೊಳಿಸಿ, ಆಮೇಲೆ ಗೋಡೆಯ ಟಿ.ವಿ. ಹಚ್ಚುತ್ತಾರೆ. ಪರದೆಯ ಮೇಲೆ ಕೃಷ್ಣಾ ಹೊಳೆ ಮೆಲ್ಲಗೆ ಅಲುಗುತ್ತದೆ.

ಇದು ವಿಡಿಯೊ ಅಲ್ಲ. ಅಲೆ ಹೇಗೆ ಏಳಬೇಕು, ಮೀನು ಹೇಗೆ ತಿರುಗಬೇಕು ಎಂಬ ನಿಯಮವನ್ನಷ್ಟೇ ರಾಜಮತಿ ಬರೆದಿದ್ದಾರೆ. ಚಿತ್ರವನ್ನು ಕಂಪ್ಯೂಟರೇ ಆಯಾ ಕ್ಷಣಕ್ಕೆ ಬಿಡಿಸುತ್ತದೆ. ಒಮ್ಮೆ ಬಂದ ಅಲೆ ಮತ್ತೆ ಬರುವುದಿಲ್ಲ. ಕಂಪ್ಯೂಟರ್ ಚಿತ್ರವೆಂದರೆ ಮೂಗು ಮುರಿಯುವವನು ನಾನು. ವರದಿ ಬರೆಯಲು ಬಂದವನು, ಇಲ್ಲಿ ಮಾತ್ರ ಅಲೆ ಎಣಿಸುತ್ತ ಕುಳಿತಿದ್ದೇನೆ.

"ಮುಂಜಾನೆ ಸಾಮಾಯಿಕಕ್ಕ ಕುಂತಾಗ ಉಸಿರು ಹೆಂಗ ಏರಿ ಇಳಿತೈತಿ, ಅಲಿಗೂ ಅದ ಚಾಲ ಕೊಟ್ಟೇನ್ರಿ," ಎನ್ನುತ್ತಾರೆ ತೇರದಾಳದ ಈ ಜೈನರ ಮನೆಮಗಳು. ಸಾಮಾಯಿಕವೆಂದರೆ ಅವರ ನಿತ್ಯದ ಧ್ಯಾನ.

ಈ ಹೊಳೆ ಇಲ್ಲಿಗೆ ಬಂದದ್ದು ತಾರವ್ವನವರಿಗಾಗಿ. ಗಲಗಲಿಯ ಹೊಳೆದಂಡೆಯಲ್ಲೇ ಬದುಕಿದ ಜೀವ ಅದು. ಸೂಜಿ ಚುಚ್ಚಿಸಿಕೊಂಡು ಛಾವಣಿ ನೋಡುತ್ತ ಮಲಗಿ ಮಲಗಿ ಬೇಸತ್ತು, "ಸಾಕು ಬೇ ಯವ್ವಾ, ನಾ ಇನ್ನ ಬರಾಂಗಿಲ್ಲ. ಹೊಳಿ ನೋಡ್ಕೋತ ಸಾಯ್ತೇನಿ" ಎಂದಿದ್ದರು. ಡಯಾಲಿಸಿಸ್ ಬಿಟ್ಟರೆ ಅವರು ಉಳಿಯುವಂತಿರಲಿಲ್ಲ. ರಾಜಮತಿ ಹೊಳೆಯನ್ನೇ ಕೋಣೆಗೆ ತಂದರು, ತಾರವ್ವ ಮತ್ತೆ ಬರತೊಡಗಿದರು.

ಒಂದು ದಿನ ಹೊಳೆ ನಿಂತುಬಿಟ್ಟಿತು! ಪರದೆಯಂಚು ದಾಟಿದ ಮೀನುಗಳನ್ನು ಅಳಿಸುವ ನಿಯಮವನ್ನು ರಾಜಮತಿ ಬರೆದೇ ಇರಲಿಲ್ಲ. "ಚಿತ್ರದ ಮೀನ ಖರೆ. ಆದ್ರೂ ಅಳಸು ಅಂತ ಬರಿಯಾಕ ಕೈ ಬರಲಿಲ್ರಿ." ಹೊಸ ಮೀನು ಹುಟ್ಟುತ್ತಲೇ ಇದ್ದವು; ಕಾಣದ ಹಳೆಯವೆಲ್ಲ ಒಳಗೇ ತುಂಬಿ ಕಂಪ್ಯೂಟರ್ ಸ್ತಬ್ಧವಾಯಿತು. ಮುಂದಿನ ಸರದಿಗೆ ತಾರವ್ವ ಬರಲಿಲ್ಲ.

ದಾರಿ ಸಿಕ್ಕಿದ್ದು ಮನೆಯ ಬಾವಿಕಟ್ಟೆಯಲ್ಲಿ. ತಂದೆ ಪಾರಿಸಪ್ಪ ದಿನವೂ ನೀರು ಸೋಸಿದ ಮೇಲೆ, ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳು ಸಾಯಬಾರದೆಂದು ಅದನ್ನು ಜಾಲಾಡಿಸಿ, ಆ ನೀರನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸುತ್ತಾರೆ. ನೋಡುತ್ತ ನಿಂತ ಮಗಳಿಗೆ ಉಪಾಯ ಸಿಕ್ಕಿತು. ಅಂಚಿಗೆ ಬಂದ ಮೀನು ಅಳಿಯಬೇಕಿಲ್ಲ, ಹೊರಟಲ್ಲಿಗೇ ಮರಳಿದರಾಯಿತು. ಅಂದೇ ಗಲಗಲಿಗೆ ಫೋನ್ ಮಾಡಿದರು: "ಬರ್ರಿ ಯವ್ವಾ, ಹೊಳಿ ಹರಿಯಾಕತ್ತೈತಿ."

ಈಗ ಬಾಗಿಲು ತೆರೆಯುವ ಮುನ್ನವೇ ತಾರವ್ವ ಹಾಜರು. "ಈ ಹುಡುಗಿ ಪುಣ್ಯಾದಾಗ ಜೀವಂತ ಅದೇನಿ ನೋಡಪ್ಪಾ," ಎಂದು ಕಣ್ಣೊರೆಸಿಕೊಳ್ಳುತ್ತಾರೆ.

"ನಂದೇನೈತ್ರಿ, ಅಪ್ಪ ಮಾಡೂದ ನೋಡಿ ಮಾಡೇನಿ," ಎಂದು ರಾಜಮತಿ ಕೆಲಸಕ್ಕೆ ತಿರುಗುತ್ತಾರೆ.

ಇಬ್ಬರದೊಂದು ಫೋಟೊ ತೆಗೆಯೋಣವೆಂದು ನಾನು ಟಿ.ವಿ. ಮುಂದೆ ಹೋಗಿ ನಿಲ್ಲುತ್ತೇನೆ. ಹಾಸಿಗೆಯಿಂದ ತಾರವ್ವ ಗದರುತ್ತಾರೆ:

"ಏ ತಮ್ಮಾ, ಅತ್ತಾಗ ಸರಿ. ಹೊಳಿ ಕಾಣವಲ್ದು."